ಹಳೇ ಡಬ್ಬ, ಎರಡು ದಾರಿ: ನಮ್ಮ ಪುಟ್ಟ ರೇಡಿಯೋಗೆ ಆಡಿಯೋ ಪ್ರೊಸೆಸರ್ ಹುಡುಕಿದ್ದು

ಕಾರಲ್ಲಿ ನಮ್ಮ ಸ್ಟೇಷನ್ ಕೇಳುವ ಗೆಳೆಯನೊಬ್ಬ ಇದ್ದಾನೆ. ಒಂದು ದಿನ ಫೋನ್ ಮಾಡಿದ. "ನಿನ್ನ ರೇಡಿಯೋ ಹಾಕ್ಕೊಂಡ್ರೆ ಒಂದು ಕೈ ಸ್ಟೀರಿಂಗ್ ಮೇಲೆ, ಇನ್ನೊಂದು ಕೈ ವಾಲ್ಯೂಮ್ ಮೇಲೆ ಇರಬೇಕು ಕಣೋ. ಹಾಡು ಬಂದ್ರೆ ಕಿವಿ ಕಿತ್ತುಹೋಗುತ್ತೆ, ನೀನು ಮಾತಾಡಿದ್ರೆ ಏನೂ ಕೇಳಲ್ಲ" ಅಂದ.

ಸ್ಟೇಷನ್ ಅಂದರೆ ದೊಡ್ಡದೇನಲ್ಲ. ಒಂದು ಸಣ್ಣ ಕೋಣೆ, ಎರಡು ಮೈಕ್, ಒಂದು ಮಿಕ್ಸರ್, ಹಾಡು ಹಾಕುವ ಒಂದು ಕಂಪ್ಯೂಟರ್. ಅಲ್ಲಿಂದ ಹೊರಗೆ ಎರಡು ದಾರಿ. ದಿನವಿಡೀ ಓಡುವ ಇಂಟರ್ನೆಟ್ ಸ್ಟ್ರೀಮ್ ಒಂದು. ಸಂಜೆ ಮಾತ್ರ ಆನ್ ಆಗುವ, ಪರವಾನಗಿ ಇರುವ ಸಣ್ಣ ಎಫ್‌ಎಂ ಟ್ರಾನ್ಸ್‌ಮಿಟರ್ ಇನ್ನೊಂದು. ಮಿಕ್ಸರ್‌ನಿಂದ ಬಂದದ್ದು ಬಂದ ಹಾಗೇ ಎರಡಕ್ಕೂ ಹೋಗುತ್ತಿತ್ತು. ನಡುವೆ ಏನೂ ಇರಲಿಲ್ಲ.

ಸದ್ದಿನ ಏರಿಳಿತವನ್ನು ತಾನೇ ಹದ ಮಾಡುವ ಒಂದು ಆಡಿಯೋ ಪ್ರೊಸೆಸರ್ ತಂದು ನಡುವೆ ಕೂರಿಸಿದರೆ ಆಯ್ತು ಅಂದುಕೊಂಡೆ. ಆಗಲು ಮೂರು ತಿಂಗಳು ಹಿಡಿಯಿತು. ಅದರಲ್ಲಿ ಅರ್ಧದಷ್ಟು ಕಾಲ ನಾನೇ ಮಾಡಿಕೊಂಡ ಎಡವಟ್ಟು ಸರಿಮಾಡುವುದರಲ್ಲೇ ಹೋಯಿತು.

ಮೊದಲು ಅಳೆದು ನೋಡಿದೆ

ಗೆಳೆಯ ಹೇಳಿದ್ದು ಎಷ್ಟು ನಿಜ ಅಂತ ನೋಡೋಣ ಎಂದು ಒಂದು ಸಂಜೆಯ ಕಾರ್ಯಕ್ರಮ ಪೂರ್ತಿ ರೆಕಾರ್ಡ್ ಮಾಡಿದೆ. ಎಫ್‌ಎಫ್‌ಎಂಪೆಗ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಲೌಡ್‌ನೆಸ್ ಅಳೆಯುವ ಫಿಲ್ಟರ್ ಇದೆ. ಅದು ಎಲ್‌ಯುಎಫ್‌ಎಸ್ ಲೆಕ್ಕದಲ್ಲಿ ಅಂಕಿ ಕೊಡುತ್ತದೆ. ಕಿವಿಗೆ ಎಷ್ಟು ಜೋರು ಅನ್ನಿಸುತ್ತದೆ ಅನ್ನುವ ಲೆಕ್ಕ ಅದು. ಎಲ್ಲ ಮೈನಸ್ ಅಂಕಿ, ಸೊನ್ನೆಗೆ ಹತ್ತಿರ ಬಂದಷ್ಟೂ ಜೋರು.

ಇತ್ತೀಚಿನ ಒಂದು ಹಾಡು ಮೈನಸ್ 7. ಹಳೇ ರೆಕಾರ್ಡಿಂಗ್ ಒಂದು ಮೈನಸ್ 21. ನನ್ನ ಮಾತು ಮೈನಸ್ 27. ಅಂದರೆ ಮಾತಿಗೂ ಜೋರು ಹಾಡಿಗೂ 20 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ) ಅಂತರ. ಕಿವಿಗೆ ಇದು ಹೆಚ್ಚುಕಡಿಮೆ ನಾಲ್ಕು ಪಟ್ಟು. ಗೆಳೆಯ ಬೈದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಪ್ರೊಸೆಸರ್ ಹುಡುಕುವ ಮುಂಚೆಯೇ ಇದರಲ್ಲಿ ಅರ್ಧ ಸರಿಹೋಯಿತು. ಹಾಡುಗಳ ಫೈಲ್‌ಗಳನ್ನೆಲ್ಲ ಒಮ್ಮೆ ಸ್ಕ್ಯಾನ್ ಮಾಡಿ ರಿಪ್ಲೇಗೇನ್ ಟ್ಯಾಗ್ ಹಾಕಿಸಿದೆ. 2001ರಿಂದ ಇರುವ ಹಳೇ ಉಪಾಯ ಇದು. ಫೈಲ್ ಒಳಗಿನ ಆಡಿಯೋವನ್ನು ಮುಟ್ಟುವುದಿಲ್ಲ, ಈ ಹಾಡನ್ನು ಇಷ್ಟು ಡಿಬಿ ಏರಿಸಿ ಅಥವಾ ಇಳಿಸಿ ಹಾಕು ಅಂತ ಪ್ಲೇಯರ್‌ಗೆ ಒಂದು ಚೀಟಿ ಬರೆದಿಡುತ್ತದೆ, ಅಷ್ಟೇ. ರಾತ್ರಿ ಸ್ಕ್ಯಾನ್‌ಗೆ ಬಿಟ್ಟು ಮಲಗಿದೆ. ಬೆಳಗಾಗುವಷ್ಟರಲ್ಲಿ ಹಾಡಿಂದ ಹಾಡಿಗೆ ಇದ್ದ ಅಂತರ 2 ಡಿಬಿ ಆಸುಪಾಸಿಗೆ ಬಂದಿತ್ತು. ಜೋರು ಸದ್ದನ್ನು ಒತ್ತಿ ಹಿಡಿಯುವ ಒಂದು ಕಂಪ್ರೆಸರ್ ಕೂಡ ಇಲ್ಲದೆ.

ಪ್ರೊಸೆಸರ್ ಬೇಕು ಅನ್ನುವವರು ಮೊದಲು ಇದನ್ನು ಮಾಡಿ ನೋಡಿ. ಹಾಡಿಂದ ಹಾಡಿಗೆ ಇದ್ದ 14 ಡಿಬಿ ಏರಿಳಿತವನ್ನೆಲ್ಲ ಪ್ರೊಸೆಸರ್ ಒಂದೇ ಹೊರಬೇಕಾದರೆ ಅದು ಏದುಸಿರು ಬಿಡುತ್ತದೆ. ಆ ಏದುಸಿರು ನಮಗೂ ಕೇಳಿಸುತ್ತದೆ.

ಹಳೇ ಡಬ್ಬ

ಅಷ್ಟರಲ್ಲಿ ಪರಿಚಯದವರೊಬ್ಬರು ಒಂದು ಹಳೇ ಎಫ್‌ಎಂ ಪ್ರೊಸೆಸರ್ ಕೊಟ್ಟರು. ಯಾವುದೋ ಸ್ಟೇಷನ್‌ನಲ್ಲಿ ವರ್ಷಗಟ್ಟಲೆ ದುಡಿದು ನಿವೃತ್ತಿಯಾದ ಅನಲಾಗ್ ಡಬ್ಬ. ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಮುಂದೆ ಸಾಲು ಮೀಟರ್. ನೋಡಿದ ಕೂಡಲೇ ಮನಸೋತೆ. ನನ್ನ ಮೊದಲ ತಪ್ಪು ಅದೇ. ನಮಗೆ ಏನು ಬೇಕು ಅಂತ ಯೋಚಿಸುವ ಮೊದಲೇ ಡಬ್ಬ ಮನೆಗೆ ಬಂದಿತ್ತು.

ಇಂಥ ಡಬ್ಬದ ಒಳಗೆ ಸಾಮಾನ್ಯವಾಗಿ ಸಾಲಾಗಿ ಕೆಲವು ಹಂತಗಳಿರುತ್ತವೆ. ಮೊದಲು ಎಜಿಸಿ. ನಿಧಾನಕ್ಕೆ ಲೆವೆಲ್ ಏರಿಸಿ ಇಳಿಸುವ ತಾಳ್ಮೆಯ ಕೈ ಅದು. ಆಮೇಲೆ ಕಂಪ್ರೆಸರ್, ಸ್ವಲ್ಪ ಚುರುಕು. ಕೊನೆಗೆ ಲಿಮಿಟರ್ ಮತ್ತು ಕ್ಲಿಪ್ಪರ್, ಗೆರೆ ದಾಟಿದ್ದನ್ನು ಕತ್ತರಿಸುವವರು. ಇವೆಲ್ಲ ಒಂದೇ ಡಬ್ಬಕ್ಕೆ ಬರಲು ಒಂದು ಕಾರಣ ಇದೆ. ಮೊದಲೆಲ್ಲ ಲಿಮಿಟರ್ ಬೇರೆ, ಎಡ ಬಲ ಸದ್ದನ್ನು ಪ್ರಸಾರಕ್ಕೆ ಒಂದಾಗಿ ಜೋಡಿಸುವ ಸ್ಟೀರಿಯೋ ಜನರೇಟರ್ ಬೇರೆ. ಲಿಮಿಟರ್ ಅಚ್ಚುಕಟ್ಟಾಗಿ ಕತ್ತರಿಸಿ ಕಳಿಸಿದ ಪೀಕ್‌ಗಳು, ಅಂದರೆ ಅಲೆಯ ತುದಿಗಳು, ಜನರೇಟರ್‌ನ 15 ಕಿಲೋಹರ್ಟ್ಜ್ ಫಿಲ್ಟರ್ ದಾಟುವಾಗ ಮತ್ತೆ ತಲೆ ಎತ್ತುತ್ತಿದ್ದವು. 1975ರಲ್ಲಿ ಬಂದ ಓರ್ಬನ್ ಆಪ್ಟಿಮಾಡ್ 8000 ಎಲ್ಲವನ್ನೂ ಒಟ್ಟಿಗೆ ಸೇರಿಸಿ ಆ ತಲೆನೋವು ಕಳೆಯಿತು. ಈ ಪಾಠ ಮುಂದೆ ನನಗೂ ಬೇಕಾಯಿತು, ಹೇಳುತ್ತೇನೆ.

ಡಬ್ಬ ಆನ್ ಮಾಡಿದರೆ ಹಾಡಿನ ಹಿಂದೆ "ಹೂಂ..." ಅಂತ ಸದ್ದು. ಹಮ್ ಬಂದರೆ ಅದು ಯಾವ ಹಮ್ ಅಂತ ನೋಡುವುದು ಒಳ್ಳೆಯದು. ಔಟ್‌ಪುಟ್ ರೆಕಾರ್ಡ್ ಮಾಡಿ ಸ್ಪೆಕ್ಟ್ರಮ್, ಅಂದರೆ ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸದ್ದಿದೆ ಅನ್ನುವ ಚಿತ್ರ, ನೋಡಿದೆ. 100 ಹರ್ಟ್ಜ್‌ನಲ್ಲಿ ಒಂದು ದೊಡ್ಡ ಕಂಬ, 50ರಲ್ಲಿ ಇನ್ನೊಂದು ಚಿಕ್ಕದು. 50 ಹರ್ಟ್ಜ್ ಕರೆಂಟ್ ಇರುವ ಕಡೆ 100 ಅಂದರೆ ಸಾಮಾನ್ಯವಾಗಿ ಡಬ್ಬದ ಪವರ್ ಸಪ್ಲೈ ಕಾಯಿಲೆ. ಬರೀ 50 ಅಂದರೆ ಹೆಚ್ಚಾಗಿ ಗ್ರೌಂಡ್ ಲೂಪ್, ಅಂದರೆ ವಯರಿಂಗ್ ಕಾಯಿಲೆ. ಕರೆಂಟ್ 60 ಹರ್ಟ್ಜ್ ಇರುವ ಕಡೆ ಇದೇ ಲೆಕ್ಕ 120 ಮತ್ತು 60. ನಮ್ಮ ಡಬ್ಬಕ್ಕೆ ಎರಡೂ ಇತ್ತು.

ಮುಚ್ಚಳ ಬಿಚ್ಚಿದೆ. ಪವರ್ ಸಪ್ಲೈ ಬೋರ್ಡ್ ಮೇಲೆ ಹೆಬ್ಬೆರಳು ಗಾತ್ರದ ಎರಡು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಒಂದರ ತಲೆ ಉಬ್ಬಿತ್ತು. ಇನ್ನೊಂದರ ಬುಡದಲ್ಲಿ ಕಂದು ಬಣ್ಣದ ಅಂಟು. ಸೋರಿದೆ ಅಂದುಕೊಂಡೆ. ಉಗುರಲ್ಲಿ ಕೆರೆದರೆ ಒಣ ಗೋಂದಿನ ಹಾಗೆ ಪುಡಿಪುಡಿಯಾಗಿ ಬಂತು. ಕೆಪಾಸಿಟರ್ ಅಲುಗಾಡದಿರಲಿ ಅಂತ ಕಾರ್ಖಾನೆಯಲ್ಲೇ ಹಾಕಿದ್ದು! ಆದರೂ ಎರಡನ್ನೂ ಬದಲಿಸಿದೆ. ಒಂದೇ ವಯಸ್ಸಿನ ಜೋಡಿ, ಒಂದು ಹೋದರೆ ಇನ್ನೊಂದು ಹಿಂದೆಯೇ ಹೊರಡುತ್ತದೆ.

ಹಮ್ ಬರಲು ಕಾರಣ ಸರಳ. ಪ್ಲಸ್ 15, ಮೈನಸ್ 15 ವೋಲ್ಟ್ ಅನ್ನು ಅಲುಗದಂತೆ ಕೊಡುವ ರೆಗ್ಯುಲೇಟರ್‌ಗೆ ಅದಕ್ಕಿಂತ ಎರಡು ಎರಡೂವರೆ ವೋಲ್ಟ್ ಜಾಸ್ತಿ ಒಳಗೆ ಬರುತ್ತಲೇ ಇರಬೇಕು. ಕೆಪಾಸಿಟರ್ ಒಣಗಿದರೆ ಅದು ಹಿಡಿದಿಡುವ ಚಾರ್ಜ್ ಕಡಿಮೆಯಾಗುತ್ತದೆ. ಪ್ರತಿ ಅರ್ಧ ಸೈಕಲ್‌ಗೂ ವೋಲ್ಟೇಜ್ ಒಮ್ಮೆ ಗುಂಡಿಗೆ ಬೀಳುತ್ತದೆ. ಆ ಕ್ಷಣ ರೆಗ್ಯುಲೇಟರ್ ಕೈಬಿಡುತ್ತದೆ. ಸೆಕೆಂಡಿಗೆ 100 ಸಲ ಹೀಗಾದರೆ ಅದೇ "ಹೂಂ".

ಪ್ಲಗ್ ತೆಗೆದೆ. ಐದು ನಿಮಿಷ ಬಿಟ್ಟು ಒಂದು ಕಿಲೋಓಮ್ ರೆಸಿಸ್ಟರ್ ಹಿಡಿದು ಉಳಿದ ಚಾರ್ಜ್ ಇಳಿಸಿದೆ. ಮೀಟರ್‌ನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಹಾಕಿದ್ದು. ಹಳೇ ಬೆಸುಗೆ ಬೇಗ ಕರಗಲಿಲ್ಲ. ಅದರ ಮೇಲೆ ಒಂದಿಷ್ಟು ಹೊಸ ಬೆಸುಗೆ ಕರಗಿಸಿದ ಮೇಲೆ ಕೆಪಾಸಿಟರ್ ಕಾಲು ಜಾರಿ ಈಚೆ ಬಂತು. ಹೊಸದು ಅದೇ 2200 ಮೈಕ್ರೋಫ್ಯಾರಡ್, 35 ವೋಲ್ಟ್, ಆದರೆ 105 ಡಿಗ್ರಿ ತಡೆಯುವಂಥದ್ದು. ಮೈನಸ್ ಪಟ್ಟಿ ಯಾವ ಕಡೆ ಅಂತ ಬಿಚ್ಚುವ ಮೊದಲೇ ಫೋಟೋ ತೆಗೆದಿದ್ದೆ. ಎರಡರ ದಿಕ್ಕೂ ಒಂದೇ ಅಲ್ಲ. ಫೋಟೋ ಇಲ್ಲದಿದ್ದರೆ ಒಂದು ಢಂ ಅನ್ನುತ್ತಿತ್ತು.

100 ಹರ್ಟ್ಜ್ ಕಂಬ ಮಾಯ. 50 ಮಾತ್ರ ಅಲ್ಲೇ ನಿಂತಿತ್ತು.

ಹಮ್ ಹೋಯಿತು, ಪೀಕ್ ಬಂತು

ಕಂಪ್ಯೂಟರ್ ಒಂದು ಸಾಕೆಟ್‌ನಲ್ಲಿ, ಟ್ರಾನ್ಸ್‌ಮಿಟರ್ ಇನ್ನೊಂದರಲ್ಲಿ. ಎರಡರ ಅರ್ಥ್ ಆಡಿಯೋ ಕೇಬಲ್‌ನ ಶೀಲ್ಡ್ ಮೂಲಕ ಸೇರಿ ಒಂದು ದೊಡ್ಡ ಬಳೆಯಾಗಿತ್ತು. ಇದಕ್ಕೆಂದು ಅರ್ಥ್ ಪಿನ್ ಕತ್ತರಿಸುವವರಿದ್ದಾರೆ. ದಯವಿಟ್ಟು ಬೇಡ, ಅದು ಜೀವದ ಪ್ರಶ್ನೆ. ನಾನು ವಯರ್‌ಗೆ ವಯರ್ ತಾಗದೆ ಸದ್ದನ್ನು ಮಾತ್ರ ದಾಟಿಸುವ ಒಂದು ಆಡಿಯೋ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ (1:1) ತಂದು ಪ್ರೊಸೆಸರ್ ಮತ್ತು ಟ್ರಾನ್ಸ್‌ಮಿಟರ್ ನಡುವೆ ಹಾಕಿದೆ. ಹಮ್ ಸತ್ತಿತು. ಖುಷಿಯಾಗಿ ಮಲಗಿದೆ.

ಮರುದಿನ ಟ್ರಾನ್ಸ್‌ಮಿಟರ್‌ಗೆ ಆಂಟೆನಾ ಬದಲು, ಪ್ರಸಾರವಾಗದಂತೆ ಪವರ್ ಹೀರುವ ಡಮ್ಮಿ ಲೋಡ್ ಜೋಡಿಸಿ, ಎಸ್‌ಡಿಆರ್ ಡಾಂಗಲ್‌ನಲ್ಲಿ (ಕಂಪ್ಯೂಟರ್‌ಗೆ ಚುಚ್ಚುವ ಪುಟ್ಟ ರೇಡಿಯೋ ರಿಸೀವರ್) ಡೀವಿಯೇಷನ್, ಅಂದರೆ ಸದ್ದಿಗೆ ತಕ್ಕಂತೆ ಫ್ರೀಕ್ವೆನ್ಸಿ ಎಷ್ಟು ಆಚೀಚೆ ಸರಿಯುತ್ತದೆ ಅಂತ, ನೋಡಿದೆ. ಎಫ್‌ಎಂನಲ್ಲಿ 75 ಕಿಲೋಹರ್ಟ್ಜ್ ದಾಟಬಾರದು. ಸೈನ್ ಟೋನ್ ಹಾಕಿ ಸರಿಯಾಗಿ ಅಲ್ಲಿಗೇ ಹೊಂದಿಸಿದ್ದೆ. ಹಾಡು ಹಾಕಿದರೆ 90 ದಾಟುತ್ತಿತ್ತು, ಅದೂ ಬೇಸ್ ಜೋರಿದ್ದಾಗಲೆಲ್ಲ. ಕ್ಲಿಪ್ಪರ್ ಕೆಲಸ ಮಾಡುತ್ತಿಲ್ಲ ಅಂತ ಡಬ್ಬವನ್ನೇ ಬೈದೆ. ಎರಡು ಸಂಜೆ ಅದರ ಬೋರ್ಡ್‌ಗಳನ್ನು ತಡಕಾಡಿದೆ. ಅದು ಪಾಪ, ನೆಟ್ಟಗೇ ಇತ್ತು.

ತಪ್ಪು ಟ್ರಾನ್ಸ್‌ಫಾರ್ಮರ್‌ದು. ಅಲ್ಲ, ಅದನ್ನು ಅಲ್ಲಿ ಇಟ್ಟ ನನ್ನದು. ಕ್ಲಿಪ್ಪರ್ ಅಲೆಯ ತಲೆಯನ್ನು ಕತ್ತರಿಸಿ ಮೇಜಿನಂತೆ ಸಮ ಮಾಡಿ ಕಳಿಸುತ್ತದೆ. ಕೆಳಗಿನ ಫ್ರೀಕ್ವೆನ್ಸಿಯನ್ನು ಸರಿಯಾಗಿ ದಾಟಿಸದ ಯಾವುದೇ ವಸ್ತು ಮುಂದೆ ಸಿಕ್ಕರೆ ಆ ಮೇಜು ವಾಲುತ್ತದೆ. ವಾಲಿದರೆ ಒಂದು ಮೂಲೆ ಮೇಲಕ್ಕೇಳುತ್ತದೆ. ಅದೇ ಹೊಸ ಪೀಕ್. 50 ಹರ್ಟ್ಜ್ ಚೌಕ ಅಲೆ ಶೇಕಡಾ 1ಕ್ಕಿಂತ ಜಾಸ್ತಿ ವಾಲಬಾರದು ಅಂದರೆ ಮುಂದಿನ ದಾರಿ ಸುಮಾರು 0.16 ಹರ್ಟ್ಜ್‌ವರೆಗೂ ತೆರೆದಿರಬೇಕು. 20 ಹರ್ಟ್ಜ್‌ಗೇ ಸುಸ್ತಾಗುವ ಸಾದಾ ಟ್ರಾನ್ಸ್‌ಫಾರ್ಮರ್ ಎಲ್ಲಿ, 0.16 ಎಲ್ಲಿ!

ಅದನ್ನು ಕಿತ್ತು ಪ್ರೊಸೆಸರ್‌ನ ಹಿಂದೆ, ಮಿಕ್ಸರ್ ಕಡೆ ಹಾಕಿದೆ. ಪ್ರೊಸೆಸರ್ ಮತ್ತು ಟ್ರಾನ್ಸ್‌ಮಿಟರ್ ಎರಡನ್ನೂ ಒಂದೇ ಪವರ್ ಸ್ಟ್ರಿಪ್‌ಗೆ ಚುಚ್ಚಿ, ನಡುವೆ ಒಂದು ಅಡಿ ಉದ್ದದ ಕೇಬಲ್ ಮಾತ್ರ ಬಿಟ್ಟೆ. ಹಮ್ ಇಲ್ಲ, ಪೀಕ್ 75ಕ್ಕೆ ನಿಂತಿತು. ಪ್ರೊಸೆಸರ್ ಆದಮೇಲೆ ಈಕ್ವಲೈಜರ್ ಬೇಡ, ಮಿಕ್ಸರ್ ಬೇಡ, ಏನೂ ಬೇಡ. ನೇರ ಟ್ರಾನ್ಸ್‌ಮಿಟರ್.

ಎಫ್‌ಎಂ ಕಡೆ ಇನ್ನೊಂದು ಎಡವಟ್ಟೂ ಇತ್ತು. "ಸ" ಬಂದಾಗಲೆಲ್ಲ ಮರಳು ಎರಚಿದ ಹಾಗೆ ಕೇಳುತ್ತಿತ್ತು. ಎಫ್‌ಎಂನಲ್ಲಿ ಮೇಲಿನ ಸ್ವರಗಳನ್ನು ಕಳಿಸುವಾಗ ಎತ್ತಿ, ಕೇಳುವ ರೇಡಿಯೋದಲ್ಲಿ ಅಷ್ಟೇ ಇಳಿಸುತ್ತಾರೆ. ಗಾಳಿಯಲ್ಲಿ ಸೇರುವ ಹಿಸ್ ಕೂಡ ಜೊತೆಗೇ ಇಳಿಯಲಿ ಅಂತ. ಇದೇ ಪ್ರೀ-ಎಂಫಸಿಸ್. ಅಮೆರಿಕದಲ್ಲಿ 75 ಮೈಕ್ರೋಸೆಕೆಂಡ್, ಯುರೋಪ್ ಮತ್ತು ಇನ್ನೂ ಹಲವು ಕಡೆ 50. 50ರ ಲೆಕ್ಕದಲ್ಲಿ 15 ಕಿಲೋಹರ್ಟ್ಜ್ ಹತ್ತಿರ ಸುಮಾರು 13.7 ಡಿಬಿ ಎತ್ತಿದ ಹಾಗೆ. 75ರಲ್ಲಿ 17. ನಮ್ಮ ಡಬ್ಬವೂ ಎತ್ತುತ್ತಿತ್ತು, ಟ್ರಾನ್ಸ್‌ಮಿಟರ್ ಕೂಡ ಎತ್ತುತ್ತಿತ್ತು. ಟ್ರಾನ್ಸ್‌ಮಿಟರ್ ಒಳಗಿನ ಜಂಪರ್ ತೆಗೆದು ಫ್ಲಾಟ್ ಮಾಡಿದೆ. ಎರಡು ಕಡೆ ಮಾಡುವಂಥದ್ದಲ್ಲ ಅದು. ಮಾಡಬೇಕಾದದ್ದು ಕ್ಲಿಪ್ಪರ್ ಇರುವ ಡಬ್ಬದಲ್ಲೇ, ಯಾಕೆಂದರೆ ಎತ್ತಿದ ಮೇಲೆ ಬರುವ ಪೀಕ್ ಅನ್ನು ಕತ್ತರಿಸುವವನು ಅಲ್ಲಿದ್ದಾನೆ.

ಇಷ್ಟಾದ ಮೇಲೆ ಸ್ಟೀರಿಯೋ ಬೇಕಾ ಅನ್ನುವ ಚರ್ಚೆ ಬಂತು. ನಮ್ಮ ಪವರ್‌ಗೆ ಮೋನೋ ಸಾಕು ಅಂತ ನಾನೇ ಹಟ ಹಿಡಿದೆ. ಸ್ಟೀರಿಯೋ ಆದರೆ ಹಿಸ್ ಸುಮಾರು 20 ಡಿಬಿ ಏರುತ್ತದೆ. ಮೂರು ಬೀದಿ ಆಚೆ ಇರುವವರಿಗೆ ಎಡ ಬಲ ಬೇಡ, ಮಾತು ಅರ್ಥವಾದರೆ ಸಾಕು.

ಸ್ಟ್ರೀಮ್‌ಗೆ ಅದೇ ಔಷಧ ಕೊಟ್ಟೆ

ಎಫ್‌ಎಂ ಸದ್ದು ಚೆನ್ನಾಗಿ ಬಂತಲ್ಲ, ಅದನ್ನೇ ಸ್ಟ್ರೀಮ್‌ಗೂ ಕಳಿಸೋಣ ಅಂತ ಡಬ್ಬದ ಇನ್ನೊಂದು ಔಟ್‌ಪುಟ್ಟನ್ನು, ಸದ್ದನ್ನು ಕುಗ್ಗಿಸಿ ಸ್ಟ್ರೀಮ್‌ಗೆ ಕಳಿಸುವ ಎನ್ಕೋಡರ್‌ಗೆ ಕೊಟ್ಟೆ. ಪ್ರೀ-ಎಂಫಸಿಸ್ ಇಲ್ಲದ ಫ್ಲಾಟ್ ಔಟ್‌ಪುಟ್ಟೇ. ಆದರೂ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಸಿಂಬಲ್ ಸದ್ದು ನೀರಲ್ಲಿ ಮುಳುಗಿ ಏಳುತ್ತಿದ್ದ ಹಾಗಿತ್ತು. ಹತ್ತು ನಿಮಿಷಕ್ಕೆ ತಲೆ ಭಾರ.

ಕ್ಲಿಪ್ಪರ್ ಅಲೆಯನ್ನು ಕತ್ತರಿಸಿದಾಗ ಮೂಲದಲ್ಲಿ ಇಲ್ಲದ ಹೊಸ ಸ್ವರಗಳು ಹುಟ್ಟುತ್ತವೆ. ಎಫ್‌ಎಂ ರೇಡಿಯೋ ಮೇಲಿನದ್ದನ್ನು ಇಳಿಸುವುದರಿಂದ ಅವುಗಳಲ್ಲಿ ಎಷ್ಟೋ ಮರೆಯಾಗುತ್ತವೆ. ಎಂಪಿ3, ಎಎಸಿ ಎನ್ಕೋಡರ್‌ಗಳಿಗೆ ಆ ಕಸವೂ ಸಂಗೀತವೇ. ಇರುವ ಕೆಲವೇ ಬಿಟ್‌ಗಳನ್ನು ಕಸಕ್ಕೆ ಖರ್ಚು ಮಾಡಿ, ಹಾಡಿಗೆ ಕಡಿಮೆ ಮಾಡುತ್ತವೆ. ಜೊತೆಗೆ ಎನ್ಕೋಡ್ ಆಗಿ ಮತ್ತೆ ಬಿಚ್ಚಿದಾಗ ಪೀಕ್‌ಗಳು ಇಟ್ಟ ಜಾಗದಲ್ಲಿ ಇರುವುದಿಲ್ಲ. ಸೊನ್ನೆ ಡಿಬಿಗೆ ತಾಗಿಸಿ ಕಳಿಸಿದರೆ ಕೇಳುಗನ ಫೋನಿನಲ್ಲಿ ಮತ್ತೊಮ್ಮೆ ಕ್ಲಿಪ್ ಆಗುತ್ತದೆ. ಮತ್ತೆ, ಸ್ಟ್ರೀಮ್‌ನಲ್ಲಿ ಹಿಸ್ ಇಲ್ಲ, 75 ಕಿಲೋಹರ್ಟ್ಜ್ ಗೆರೆ ಇಲ್ಲ, ಪಕ್ಕದ ಸ್ಟೇಷನ್‌ಗಿಂತ ಜೋರಾಗಿ ಕೂಗಬೇಕಾದ ಹಂಗೂ ಇಲ್ಲ. ಇಲ್ಲದ ಕಾಯಿಲೆಗೆ ಔಷಧ ಕೊಟ್ಟಿದ್ದೆ.

ಹಾಗಾಗಿ ಮಿಕ್ಸರ್ ಆದಮೇಲೆ ದಾರಿ ಎರಡು ಮಾಡಿದೆ. ಎಫ್‌ಎಂಗೆ ಹಳೇ ಡಬ್ಬ. ಸ್ಟ್ರೀಮ್‌ಗೆ ಸಾಫ್ಟ್‌ವೇರ್, ಒಂದು ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್‌ನಲ್ಲಿ.

ಸಾಫ್ಟ್‌ವೇರ್‌ನಲ್ಲಿ ಮೊದಲು ಸ್ಟೀರಿಯೋ ಟೂಲ್ ನೋಡಿದೆ. ದೊಡ್ಡ ಸ್ಟೇಷನ್ ಡಬ್ಬಗಳು ಮಾಡುವುದನ್ನೆಲ್ಲ ಮಾಡುತ್ತದೆ. ಜಾಸ್ತಿ ಜೋರು ಮಾಡಿ ಕೆಟ್ಟುಹೋದ ಹಾಡುಗಳ ಕ್ಲಿಪ್ಪಿಂಗ್ ರಿಪೇರಿ ಮಾಡುವ ಅದರ ಡೀಕ್ಲಿಪ್ಪರ್ ನಿಜಕ್ಕೂ ಚೆನ್ನ. ಆದರೆ ಸೆಟ್ಟಿಂಗ್‌ಗಳ ಕಾಡು. ಒಂದು ಭಾನುವಾರ ಪೂರ್ತಿ ಪ್ರೀಸೆಟ್ ಬದಲಿಸುತ್ತಾ ಕೂತೆ. ಪ್ರತಿಯೊಂದೂ ಮೊದಲಿನದಕ್ಕಿಂತ ಚೆನ್ನಾಗಿದೆ ಅನ್ನಿಸಿತು. ಆಮೇಲೆ ನೋಡಿದರೆ ಪ್ರತಿಯೊಂದೂ ಮೊದಲಿನದಕ್ಕಿಂತ ಸ್ವಲ್ಪ ಜೋರಾಗಿತ್ತು, ಅಷ್ಟೇ! ಕಿವಿ ಹೀಗೇ ಮೋಸ ಹೋಗುವುದು. ಆವತ್ತಿಂದ ಎರಡನ್ನು ಹೋಲಿಸುವಾಗ ಮೊದಲು ಮೀಟರ್ ನೋಡಿ ಲೆವೆಲ್ ಸಮ ಮಾಡುತ್ತೇನೆ.

ಕೊನೆಗೆ ಉಳಿಸಿಕೊಂಡದ್ದು ಲಿಕ್ವಿಡ್‌ಸೋಪ್. ಸ್ಟ್ರೀಮ್ ಕಳಿಸಲು ಹೇಗೂ ಅದೇ ಇತ್ತು, ಅದರಲ್ಲೇ ಕಂಪ್ರೆಸರ್, ಲಿಮಿಟರ್ ಇವೆ, ಪ್ಲಗಿನ್‌ಗಳನ್ನೂ ಸೇರಿಸಬಹುದು. ಸರಪಳಿ ಚಿಕ್ಕದು. ಸೆಕೆಂಡಿಗೆ ಒಂದು ಡಿಬಿಗಿಂತ ಬೇಗ ಓಡದ ಎಜಿಸಿ. ಅದಾದ ಮೇಲೆ ಕೆಳ, ಮಧ್ಯ, ಮೇಲಿನ ಸ್ವರಗಳನ್ನು ಬೇರೆ ಬೇರೆ ಒತ್ತುವ ಮೂರು ಬ್ಯಾಂಡ್ ಕಂಪ್ರೆಸರ್, 2.5ಕ್ಕೆ 1 (ಮಿತಿ ದಾಟಿ 2.5 ಡಿಬಿ ಏರಿದರೆ ಹೊರಗೆ 1 ಡಿಬಿ ಮಾತ್ರ), ಜೋರು ಜಾಗದಲ್ಲಿ 4 ಡಿಬಿಗಿಂತ ಜಾಸ್ತಿ ಒತ್ತದ ಹಾಗೆ. ಕೊನೆಗೆ ಬರುವ ಪೀಕ್ ಅನ್ನು ಮುಂಚೆಯೇ ನೋಡಿ ತಗ್ಗಿಸುವ ಲುಕ್-ಅಹೆಡ್ ಲಿಮಿಟರ್, ಮೈನಸ್ 2 ಡಿಬಿಗೆ. ಕ್ಲಿಪ್ಪರ್ ಇಲ್ಲವೇ ಇಲ್ಲ. ಒಟ್ಟು ಲೌಡ್‌ನೆಸ್ ಮೈನಸ್ 16 ಎಲ್‌ಯುಎಫ್‌ಎಸ್. ಸ್ಟ್ರೀಮ್‌ಗಳಿಗೆ ಮೈನಸ್ 16ರಿಂದ ಮೈನಸ್ 20ರ ನಡುವೆ ಇಡಿ ಅಂತ ಆಡಿಯೋ ಎಂಜಿನಿಯರಿಂಗ್ ಸೊಸೈಟಿ 2015ರಲ್ಲೇ ಸಲಹೆ ಕೊಟ್ಟಿತ್ತು. ಕಾರಲ್ಲಿ, ಫೋನಲ್ಲಿ ಕೇಳುವವರೇ ಜಾಸ್ತಿ ಅಂತ ಜೋರಿನ ತುದಿ ಹಿಡಿದೆ.

ಪೈ ಒಂದೇ ಒಂದು ಕಾಟ ಕೊಟ್ಟಿತು. ಕೆಲವು ನಿಮಿಷಕ್ಕೊಮ್ಮೆ "ಟಿಕ್". ಸೌಂಡ್ ಕಾರ್ಡ್‌ನ ಗಡಿಯಾರಕ್ಕೂ ಕಂಪ್ಯೂಟರ್ ಗಡಿಯಾರಕ್ಕೂ ಕೂದಲೆಳೆ ವ್ಯತ್ಯಾಸ. ಸದ್ದನ್ನು ಸ್ವಲ್ಪ ಹೊತ್ತು ಕೂಡಿಡುವ ಬಫರ್ ನಿಧಾನಕ್ಕೆ ಬರಿದಾಗಿ ಒಮ್ಮೆ ಎಡವುತ್ತಿತ್ತು. ಸೌಂಡ್ ಕಾರ್ಡ್‌ನ ಗಡಿಯಾರವನ್ನೇ ಯಜಮಾನ ಮಾಡಿದ ಮೇಲೆ ನಿಂತಿತು.

ಫ್ಯಾನ್

ಎಲ್ಲ ಆಯ್ತು ಅಂದುಕೊಂಡು ನನ್ನದೇ ಕಾರ್ಯಕ್ರಮದ ರೆಕಾರ್ಡಿಂಗ್ ಕೇಳಿದೆ. ಮಾತಾಡುತ್ತಾ ಒಂದು ಹೆಸರು ನೆನಪಾಗದೆ ನಿಲ್ಲಿಸುತ್ತೇನೆ. ಒಂದು ಸೆಕೆಂಡ್ ಮೌನ. ಎರಡನೇ ಸೆಕೆಂಡಿಗೆ ದೂರದಿಂದ ಒಂದು ಗಾಳಿ ಏಳುತ್ತದೆ. ಮೂರು, ನಾಲ್ಕು ಸೆಕೆಂಡಿಗೆ ಬಿರುಗಾಳಿ. ನಾನು ಮತ್ತೆ ಬಾಯಿ ಬಿಟ್ಟ ತಕ್ಷಣ ಅಷ್ಟೂ ಮಾಯ. ಕೋಣೆಯ ಫ್ಯಾನ್ ಅದು.

ಎಜಿಸಿಗೆ ಮೌನ ಅಂದರೆ ಗೊತ್ತಿಲ್ಲ. ಸದ್ದು ಕಡಿಮೆಯಾಯಿತು, ಏರಿಸೋಣ ಅನ್ನುವುದಷ್ಟೇ ಅದಕ್ಕೆ ಗೊತ್ತು. ಎಫ್‌ಎಂ ಡಬ್ಬದಲ್ಲಿ ಇದಕ್ಕೆ ಗೇಟ್ ಇದೆ. ಸದ್ದು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಎಜಿಸಿ ಇದ್ದಲ್ಲೇ ಹೆಪ್ಪುಗಟ್ಟುತ್ತದೆ. ಲಿಕ್ವಿಡ್‌ಸೋಪ್‌ನಲ್ಲೂ ಅಂಥ ಮಿತಿ ಕೊಡಬಹುದು, ನಾನು ಕೊಟ್ಟಿರಲಿಲ್ಲ. ಮೈನಸ್ 40 ಡಿಬಿಗೆ ಇಟ್ಟೆ, ಬಿರುಗಾಳಿ ನಿಂತಿತು.

ಆದರೆ ನಿಜವಾದ ಲಾಭ ಸಿಕ್ಕಿದ್ದು ಮೈಕ್‌ನಲ್ಲಿ. ನಾನು ಮೈಕ್‌ನಿಂದ ಒಂದೂವರೆ ಗೇಣು ದೂರ ಕೂತು ಮಾತಾಡುತ್ತಿದ್ದೆ. ಅರ್ಧ ಗೇಣಿಗೆ ಬಂದೆ. ಮಾತು ಸುಮಾರು 9 ಡಿಬಿ ಏರಿತು, ಫ್ಯಾನ್ ಇದ್ದಷ್ಟೇ ಇತ್ತು. ಯಾವ ಪ್ರೊಸೆಸರ್ ಕೂಡ ಇಷ್ಟು ಸ್ವಚ್ಛವಾಗಿ 9 ಡಿಬಿ ಕೊಡುವುದಿಲ್ಲ. ಹತ್ತಿರ ಬಂದದ್ದಕ್ಕೆ ಬೇಸ್ ಉಬ್ಬಿತು, ಅದಕ್ಕೆ 80 ಹರ್ಟ್ಜ್ ಕೆಳಗೆ ಕತ್ತರಿಸುವ ಬಟನ್ ಮಿಕ್ಸರ್‌ನಲ್ಲೇ ಇತ್ತು. ಉಸಿರು ಬಡಿಯದ ಹಾಗೆ ಮೈಕನ್ನು ಬಾಯಿಯ ಓರೆಗೆ ತಿರುಗಿಸಿದೆ. ಮೈಕ್ ಚಾನೆಲ್‌ಗೆ ಮೊದಲು, ಸದ್ದು ತಗ್ಗಿದರೆ ಪೂರ್ತಿ ಮುಚ್ಚುವ ನಾಯ್ಸ್ ಗೇಟ್ ಹಾಕಿದ್ದೆ, ಪದಗಳ ಬಾಲ ಕತ್ತರಿಸುತ್ತಿತ್ತು. ತೆಗೆದು ಬರೀ 6 ಡಿಬಿ ಇಳಿಸುವ ಎಕ್ಸ್‌ಪ್ಯಾಂಡರ್ ಇಟ್ಟೆ. ಅದು ಇದೆ ಅಂತಲೇ ಗೊತ್ತಾಗುವುದಿಲ್ಲ.

ಒಂದು ಮಾತು ಬಿಟ್ಟಿದ್ದೆ. ಮಾತಾಡುವವರ ಹೆಡ್‌ಫೋನ್‌ಗೆ ಮಿಕ್ಸರ್‌ನಿಂದಲೇ ಸದ್ದು ಕೊಡಿ, ಸಾಫ್ಟ್‌ವೇರ್ ದಾಟಿ ಬಂದದ್ದನ್ನಲ್ಲ. ನಾನು ಕೊಟ್ಟು ನೋಡಿದೆ. ನನ್ನದೇ ದನಿ ತಡವಾಗಿ ಕಿವಿಗೆ ಬಿದ್ದಾಗ ಎರಡು ವಾಕ್ಯಕ್ಕೇ ನಾಲಿಗೆ ತೊಡರಿತು. ಜೊತೆಗಿದ್ದವಳು ನಕ್ಕಿದ್ದೂ ಪ್ರಸಾರವಾಯಿತು.

ಈಗ ಒಂದು ತಿಂಗಳಿಂದ ಯಾವ ನಾಬೂ ಮುಟ್ಟಿಲ್ಲ. ಪರೀಕ್ಷೆಗೆ ಅಂತ ಇಟ್ಟುಕೊಂಡ ಮೂರು ತುಣುಕು ಇವೆ: ಒಂಟಿ ಕೊಳಲು, ಪಿಯಾನೋದ ಒಂದು ಉದ್ದನೆಯ ಕೊನೆ ಸ್ವರ, ಇಬ್ಬರು ಜಗಳವಾಡುವ ಮಾತುಕತೆ. ಪಿಯಾನೋ ಸ್ವರ ಸಾಯುವ ಬದಲು ಮಧ್ಯದಲ್ಲಿ ಉಬ್ಬಿದರೆ ಎಜಿಸಿ ಆತುರದಲ್ಲಿದೆ ಅಂತ ಲೆಕ್ಕ. ಈಗ ಉಬ್ಬುತ್ತಿಲ್ಲ. ಒಂದೇ ಬಾಕಿ. ಬೇರೆಯವರು ರೆಕಾರ್ಡ್ ಮಾಡಿ ಕಳಿಸುವ ಕಾರ್ಯಕ್ರಮಗಳು ಮೊದಲೇ ಚೆನ್ನಾಗಿ ಹಿಂಡಿ ಬಂದಿರುತ್ತವೆ. ನಮ್ಮ ಕಂಪ್ರೆಸರ್ ಮತ್ತೆ ಹಿಂಡಿದರೆ ರಸವೇ ಇರುವುದಿಲ್ಲ. ಅವಕ್ಕೆ ಕಂಪ್ರೆಸರ್ ಬಿಟ್ಟು ನೇರ ಲಿಮಿಟರ್‌ಗೆ ಹೋಗುವ ಅಡ್ಡದಾರಿ ಬರೆಯಬೇಕು.

ಕಾರಿನ ಗೆಳೆಯ ಮೊನ್ನೆ ಸಿಕ್ಕಿದ್ದ. ಅರ್ಧ ಗಂಟೆ ಮಾತಾಡಿದ. ವಾಲ್ಯೂಮ್ ಸುದ್ದಿಯೇ ಎತ್ತಲಿಲ್ಲ. ನಾನಾಗಿಯೇ ಕೇಳಿದೆ. "ಏನ್ ಮಾಡ್ದೆ? ಏನೂ ಬದಲಾದ ಹಾಗಿಲ್ವಲ್ಲ" ಅಂದ.